ಬೆಟ್ಟದ ದಾರಿ, ಹಳೆಯ ಜಾವಾ

ಭಾನುವಾರ ಬೆಳಗಿನ ಆರೂವರೆ. ಮೈಸೂರಿನ ಚಾಮುಂಡಿಬೆಟ್ಟದ ಮೇಲಿನ ಮಂಜು ಇನ್ನೂ ಪೂರ್ತಿ ಕರಗಿಲ್ಲ. ಮೆಟ್ಟಿಲು ಹತ್ತುವವರು ಅತ್ತ ಪಾದದ ಬಳಿ ಸೇರಿದ್ದರೆ, ಇತ್ತ ವಾಹನಗಳ ರಸ್ತೆಯಲ್ಲಿ ಸೈಕಲ್ ಹುಡುಗರು ಏದುಸಿರು ಬಿಡುತ್ತ ಏರುತ್ತಿದ್ದಾರೆ. ಆಗ ಹಿಂದಿನಿಂದ ಒಂದು ಡುಗುಡುಗು ಸದ್ದು, ಜೊತೆಗೆ ಸುಟ್ಟ ಎಣ್ಣೆಯ ತೆಳು ವಾಸನೆ. ಹಳೆಯ ಮೈಸೂರಿಗರು ತಿರುಗಿ ನೋಡಬೇಕಾಗಿಲ್ಲ. ಅದು ಜಾವಾ.

ಸವಾರರಿಗೆ ಎಪ್ಪತ್ತೊಂದು ವರ್ಷ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ದಶಕ ದಾಟಿದೆ. ಗಾಡಿ 1978ರಲ್ಲಿ ಸೆಕೆಂಡ್‌ಹ್ಯಾಂಡಿಗೆ ಕೊಂಡದ್ದು. ಅಂದಿನಿಂದ ಮದುವೆ, ಮಕ್ಕಳು, ಮನೆ ಕಟ್ಟಿದ್ದು ಎಲ್ಲಕ್ಕೂ ಅದೇ ಸಾಕ್ಷಿ. ಈಗ ಬೆಂಗಳೂರಿನಿಂದ ಮಗಳು ವಾರಕ್ಕೊಮ್ಮೆ ಫೋನಿನಲ್ಲಿ ಹೇಳುವುದು ಒಂದೇ ಮಾತು: ‘ಅಪ್ಪಾ, ಇನ್ನು ಸಾಕು. ಮಾರಿಬಿಡಿ.’

ಈ ಪ್ರಶ್ನೆ ಮೈಸೂರಿನಲ್ಲಿ ಒಂದು ಮನೆಯದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭವಾಯಿತು. ಜೆಕೊಸ್ಲೊವಾಕಿಯದ ಜಾವಾ ಇಲ್ಲಿ ಮೈಸೂರಿನ ಮನೆಮಗನಾಯಿತು. 1970ರ ದಶಕದಲ್ಲಿ ಯೆಜ್ಡಿ ಎಂಬ ಹೊಸ ಹೆಸರನ್ನೂ ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಉಳಿದವು, ಕೊಂಡ ಯುವಕರು ಅಜ್ಜಂದಿರಾದರು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಾಚರಣೆಗೆ ಸೇರುವ ಗುಂಪುಗಳಲ್ಲಿ ಗಾಡಿಗಳ ಕ್ರೋಮಿಯಂ ಹೊಳಪಿನ ಜೊತೆ ನೆರೆತ ತಲೆಗಳ ಬೆಳ್ಳಿಯೂ ಹೊಳೆಯುತ್ತದೆ.

ಏರುದಾರಿಯಲ್ಲಿ ಜಾವಾಕ್ಕೆ ಆತುರವಿಲ್ಲ. ಕಿಕ್ ಹೊಡೆಯುವ ಕೋಲೇ ಮಡಚಿಕೊಂಡು ಗೇರಿನ ಕೋಲಾಗುವ ಈ ಗಾಡಿ ಎರಡನೇ ಗೇರಿನಲ್ಲಿ ಹಾಡುತ್ತಾ ಹತ್ತುತ್ತದೆ. ಒಂದು ತಿರುವಿನಲ್ಲಿ ಕೆಳಗೆ ಲಲಿತಮಹಲಿನ ಬಿಳಿಯ ಗುಮ್ಮಟ ಕಾಣುತ್ತದೆ. ಇನ್ನೂ ಮೇಲೆ ಹೋದರೆ ಇಡೀ ನಗರವೇ ರಂಗೋಲಿಯಂತೆ ಹರಡಿಕೊಳ್ಳುತ್ತದೆ. ವ್ಯೂ ಪಾಯಿಂಟಿನಲ್ಲಿ ಗಾಡಿ ನಿಲ್ಲಿಸಿ ನೋಡುವ ಹಿರಿಯ ಸವಾರನಿಗೆ, ತನ್ನ ಪ್ರಾಯವೂ ಅಲ್ಲೇ ಎಲ್ಲೋ ಕೆಳಗಿನ ಬೀದಿಗಳಲ್ಲಿ ತಿರುಗುತ್ತಿರುವಂತೆ ಅನ್ನಿಸಿದರೆ ತಪ್ಪಲ್ಲ.

ಪರೀಕ್ಷೆ ಇರುವುದು ಇಳಿಯುವಾಗ. ಸಮುದ್ರಮಟ್ಟದಿಂದ ಬೆಟ್ಟದ ಎತ್ತರ ಸುಮಾರು 1,060 ಮೀಟರ್. ನಗರಕ್ಕಿಂತ ಸುಮಾರು 300 ಮೀಟರ್ ಹೆಚ್ಚು. ಗಾಡಿ ಮತ್ತು ಸವಾರ ಸೇರಿ 200 ಕಿಲೋ ತೂಕವೆಂದುಕೊಂಡರೆ, ಅಷ್ಟು ಎತ್ತರದಿಂದ ಇಳಿಯುವಾಗ ಆರು ಲಕ್ಷ ಜೌಲ್‌ನಷ್ಟು ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಅದು ಸುಮಾರು ಎರಡು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು ಶಾಖ. ಗಾಳಿ ಮತ್ತು ಎಂಜಿನ್ ತಮ್ಮ ಪಾಲು ತೆಗೆದುಕೊಂಡರೂ ಉಳಿದದ್ದು ಬ್ರೇಕಿನ ಪಾಲು. ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದೂ ಕಡಿಮೆ. ಅದರ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಹೋಗುವುದರಿಂದ, ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿದರೆ ಎಂಜಿನ್ನಿಗೆ ಎಣ್ಣೆಯೂ ಸಾಲದು. ನುರಿತವರು ಆಗಾಗ ಸ್ವಲ್ಪ ತಿರುವಿ ಕೊಡುತ್ತಾರೆ. ಹಿಂದೆ 60 ಕಿಲೋದವರು ಕುಳಿತರೆ ಇನ್ನರ್ಧ ಲೀಟರ್ ನೀರಿನ ಶಾಖ ಸೇರಿತೆಂದು ಲೆಕ್ಕ.

ಗಾಡಿಯ ಲೆಕ್ಕ ಇದಾದರೆ ಸವಾರನ ಲೆಕ್ಕ ಬೇರೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿನ ಪರದೆಗೆ ತಲುಪುವ ಬೆಳಕಿನಲ್ಲಿ ಅರವತ್ತರ ಕಣ್ಣಿಗೆ ದಕ್ಕುವುದು ಸುಮಾರು ಮೂರರಲ್ಲಿ ಒಂದು ಪಾಲು. ಎದುರಿನ ದೀಪ ಕುಕ್ಕಿದರೆ ಚೇತರಿಸಿಕೊಳ್ಳಲು ಹೊತ್ತು ಬೇಕು. ಕತ್ತು ಹಿಂದಿನಂತೆ ಹೊರಳುವುದಿಲ್ಲ. ಕಂಡದ್ದು ಮೆದುಳಿಗೆ ಮುಟ್ಟಿ ಕಾಲು ಬ್ರೇಕ್ ತುಳಿಯುವುದು ಅರ್ಧ ಸೆಕೆಂಡು ತಡವಾದರೂ ಸಾಕು, ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ನೆಗಡಿಯ ಗುಳಿಗೆಯೊಂದು ತೂಕಡಿಕೆ ತಂದರೆ ಇನ್ನೂ ಹೆಚ್ಚು.

ಕಾನೂನು ಇಂಥ ವಯಸ್ಸಿಗೆ ನಿಲ್ಲಿಸು ಎನ್ನುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ 55 ದಾಟಿದವರ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ವೈದ್ಯರ ಪ್ರಮಾಣಪತ್ರವೂ ಬೇಕು. 25 ಮೀಟರ್ ದೂರದ ನಂಬರ್ ಪ್ಲೇಟನ್ನು ಹಗಲು ಬೆಳಕಿನಲ್ಲಿ ಗುರುತಿಸಬಲ್ಲರೇ ಎಂಬುದು ಅದರ ಒಂದು ಪ್ರಶ್ನೆ. ಆದರೆ ಐದು ವರ್ಷವೆಂದರೆ ಎಪ್ಪತ್ತರ ಮೈಗೆ ದೀರ್ಘ ಕಾಲ. ನಡುವಿನ ಪರೀಕ್ಷೆಯನ್ನು ತಾನೇ ಬರೆದು, ತಾನೇ ತಿದ್ದಿಕೊಳ್ಳಬೇಕು. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಕೊಡುವವನು ಧಾರಾಳಿಯಾಗುವುದು ಸಹಜ.

ನಮ್ಮ ಹಿರಿಯರ ಧಾರಾಳತನ ಮುಗಿದದ್ದು ಇದೇ ಇಳಿಜಾರಿನಲ್ಲಿ. ದರ್ಶನ ಮುಗಿಸಿ ಪತ್ನಿಯನ್ನು ಹಿಂದೆ ಕೂರಿಸಿಕೊಂಡು ಇಳಿಯುತ್ತಿದ್ದರು. ತಿರುವಿನಲ್ಲಿ ಎಳೆಬಿಸಿಲು ಕಣ್ಣಿಗೆ ಹೊಡೆಯಿತು. ಅದೇ ಗಳಿಗೆಯಲ್ಲಿ ಕೋತಿಯೊಂದು ಅಡ್ಡ ಹಾರಿತು. ಗಾಡಿ ನಿಂತಿತು, ತಡೆಗೋಡೆಗೆ ಒಂದು ಮೊಳ ದೂರದಲ್ಲಿ. ಯಾರಿಗೂ ಏನೂ ಆಗಲಿಲ್ಲ. ಹೆಗಲ ಮೇಲಿದ್ದ ಕೈ ಮಾತ್ರ ಮನೆ ಬರುವವರೆಗೆ ಸಡಿಲವಾಗಲಿಲ್ಲ. ಕಾಫಿ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: ‘ಗಾಡಿ ನಿಂತಿತು. ಆದರೆ ನೀವು ನಿಲ್ಲಿಸಿದ ಹಾಗೆ ಅನ್ನಿಸಲಿಲ್ಲ.’

ಮಗಳ ವರ್ಷಗಳ ವಾದ ಮಾಡದ ಕೆಲಸವನ್ನು ಆ ಮಾತು ಮಾಡಿತು. ಆದರೂ ಅವರು ಗಾಡಿ ಮಾರಲಿಲ್ಲ. ಬ್ಯಾಂಕು, ಮಾರುಕಟ್ಟೆ, ಗೆಳೆಯನ ಮನೆ ಎಂದು ಯಾರನ್ನೂ ಕೇಳದೆ ಹೊರಡುವ ಸ್ವಾತಂತ್ರ್ಯ ಆ ಕಿಕ್ಕರಿನಲ್ಲಿದೆ. ಅದನ್ನು ಒಂದೇ ದಿನ ಕಿತ್ತುಕೊಂಡರೆ ಮನುಷ್ಯ ಕುರ್ಚಿಯಲ್ಲಿ ಕುಳಿತೇ ಮುಪ್ಪಾಗುತ್ತಾನೆ. ಹಣ್ಣೆಲೆ ಒಂದೊಂದಾಗಿ ಉದುರುವಂತೆ ಬಿಡುವುದೂ ಒಂದೊಂದಾಗಿ ಆಗಬಹುದು ಎಂದು ಅವರಿಗೆ ತೋರಿತು. ಮೊದಲು ರಾತ್ರಿ ಸವಾರಿ ಬಿಟ್ಟರು. ಬಳಿಕ ಮಳೆ, ಆಮೇಲೆ ಬೆಂಗಳೂರು ಹೆದ್ದಾರಿ. ಕೊನೆಗೆ, ಎಲ್ಲಕ್ಕಿಂತ ಕಷ್ಟವಾದದ್ದು, ಹಿಂದಿನ ಸೀಟು. ತನ್ನ ಎಲುಬನ್ನು ಪಣಕ್ಕಿಡುವ ಹಕ್ಕು ತನಗಿರಬಹುದು. ನಂಬಿ ಹಿಂದೆ ಕುಳಿತವರ ಎಲುಬನ್ನು ಇಡುವ ಹಕ್ಕಿಲ್ಲ. ಎದುರಿಗೆ ಬರುವ ಸೈಕಲ್ ಹುಡುಗನಿಗೂ ಇದೇ ನ್ಯಾಯ. ಆದ್ದರಿಂದ ತಮ್ಮ ಪಾಲಿನ ರಸ್ತೆಯೂ ಎಂದೋ ಒಂದು ದಿನ ಮುಗಿಯಬೇಕೆಂಬುದನ್ನು ಅವರು ಒಪ್ಪಿದ್ದಾರೆ.

ಆ ದಿನ ಯಾವುದೆಂದು ಹೇಳುವ ಕೆಲಸವನ್ನು ಪತ್ನಿಗೆ ಒಪ್ಪಿಸಿದ್ದಾರೆ. ಕರಾರು ಸರಳ. ನೂರು ಕಿಲೋಗೂ ಮೀರಿದ ಜಾವಾವನ್ನು ಬೇರೆಯವರ ಕೈ ತಾಗದೆ ನಡುಸ್ಟ್ಯಾಂಡಿಗೆ ಏರಿಸಬೇಕು. ಕತ್ತು ಹೊರಳಿಸಿ ಹಿಂದೆ ನಿಂತ ಗಾಡಿ ಯಾವುದೆಂದು ಹೇಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಕೀಲಿಕೈ ಅವರ ಸೆರಗಿನ ಗಂಟಿಗೆ. ಮರುಪರೀಕ್ಷೆ ಇಲ್ಲ.

ಹೀಗಾಗಿ ಈಗ ಭಾನುವಾರದ ಪ್ರಯಾಣ ಎರಡು ಭಾಗವಾಗಿದೆ. ಅವರು 201ನೇ ನಂಬರಿನ ಬಸ್ಸಿನಲ್ಲಿ ಬರುತ್ತಾರೆ. ಇವರು ಹೆಲ್ಮೆಟ್ ಬಿಗಿದು, ಬಿಸಿಲೇರುವ ಮೊದಲೇ ನಿಧಾನವಾಗಿ ಹತ್ತಿ ಮಹಿಷಾಸುರನ ವಿಗ್ರಹದ ಬಳಿ ಕಾಯುತ್ತಾರೆ. ಬಸ್ಸು ಬಂತು. ಪತ್ನಿ ಇಳಿದು, ಹೂವಿನ ಬುಟ್ಟಿಯನ್ನು ಕಂಕುಳಿಗೇರಿಸಿ, ಗಾಡಿಯ ಎದುರಿಗೆ ನಿಂತರು. ಅವರು ಏನೂ ಕೇಳಲಿಲ್ಲ, ಇವರು ಏನೂ ಹೇಳಲಿಲ್ಲ. ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟಿನ ಕೆಳಗಿನ ಹಿಡಿ, ಸ್ಟ್ಯಾಂಡಿನ ಮೇಲೆ ಕಾಲು. ಒಂದು ಉಸಿರು ಎಳೆದುಕೊಂಡರು. ‘ಟಕ್’ ಎಂದು ಗಾಡಿ ಏರಿ ನಿಂತಿತು. ಕತ್ತು ಹೊರಳಿಸಿ, ‘ಹಿಂದೆ ಬಿಳಿ ಕಾರು’ ಎಂದರು.

ಪತ್ನಿ ತಲೆಯಾಡಿಸಿ ದೇವಸ್ಥಾನದ ಕಡೆ ಹೆಜ್ಜೆ ಹಾಕಿದರು. ಮುಂದಿನ ಭಾನುವಾರದ ಮಾತು ಮುಂದಿನ ಭಾನುವಾರಕ್ಕೆ.