ಊದುಕೊಳವೆಯೂ ಸೈಲೆನ್ಸರೂ

ಸೌದೆ ಒಲೆಯ ಮುಂದೆ ಕೂತು ಕಣ್ಣು ಕೆಂಪು ಮಾಡಿಕೊಂಡ ಹೆಂಗಸರಿಗೆ ಕಾರಿನ ಇಂಜಿನ್ ಅರ್ಥವಾಗುವುದು ಕಷ್ಟವೇನಲ್ಲ. ಎರಡೂ ಉಸಿರಾಡುವ ವಸ್ತುಗಳೇ. ಗಾಳಿ ಒಳಗೆ ಹೋಗಬೇಕು, ಹೊಗೆ ಹೊರಗೆ ಬೀಳಬೇಕು. ಎರಡರಲ್ಲಿ ಒಂದು ಕೆಟ್ಟರೂ ಅನ್ನ ಬೇಯುವುದಿಲ್ಲ, ಅಡುಗೆಯವಳ ಕೆಮ್ಮು ನಿಲ್ಲುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳ ಉಪಯೋಗಕ್ಕೆಂದು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ಕೆಲವರಿಗಾದರೂ ನೆನಪಿರಬಹುದು. ಒಂದೇ ಬೆಂಕಿ, ಮೂರು ಪಾತ್ರೆ, ಹಿಂದೊಂದು ಹೊಗೆ ಕೊಳವೆ. ಎಷ್ಟು ಗಾಳಿ ಬರಬೇಕು, ಹೊಗೆ ಯಾವ ದಾರಿಯಲ್ಲಿ ಹೋಗಬೇಕು ಎಂದು ಲೆಕ್ಕ ಹಾಕಿಟ್ಟದ್ದೇ ಅದರ ಜಾಣತನ.

ಈ ಪೀಠಿಕೆಯೆಲ್ಲ ನನ್ನ ಹಳೆಯ ಮಾರುತಿ 800ರ ಸಲುವಾಗಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಬೀಗದಕೈ ಕೊಟ್ಟಂದಿನಿಂದ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ಎಷ್ಟು ಮಧ್ಯಮ ವರ್ಗದ ಮನೆಗಳು ಆ ಪುಟ್ಟ ಕಾರಿನಲ್ಲಿ ಮದುವೆ, ಬಾಣಂತನ, ತಿರುಪತಿಗಳನ್ನು ಮುಗಿಸಿವೆಯೋ! ನಮ್ಮದು 2004ರದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಕರೆದೊಯ್ದು, ಇನ್ನೂ ಗಟ್ಟಿಮುಟ್ಟಾಗಿದೆಯೆಂದು ತೋರಿಸಿ ಬರಬೇಕಾದ ಮುತ್ತಜ್ಜಿ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಹಾದು ಬೇಲೂರಿನ ಮಗಳ ಮನೆಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಹಿಂದೆ ಒಂದು ಚೀಲ ತೆಂಗಿನಕಾಯಿ ಇರಲೇಬೇಕು. ಅರಸೀಕೆರೆಯವರು ಬರಿಗೈಯಲ್ಲಿ ಮಗಳ ಮನೆಗೆ ಹೋದರೆ ಊರಿನ ಮಾನ ಉಳಿಯುತ್ತದೆಯೇ?

ಹೋದ ವರ್ಷ ನನ್ನ ತಂಗಿಯ ಮಗ ರಜಕ್ಕೆಂದು ಬಂದವನು ಕಾರನ್ನು ಒಂದು ಸುತ್ತು ಓಡಿಸಿ ಬಂದು, “ದೊಡ್ಡಮ್ಮ, ನಿನ್ನ ಕಾರು ಉಸಿರು ಕಟ್ಕೊಂಡು ಓಡ್ತಿದೆ” ಎಂದ. ಏರ್ ಫಿಲ್ಟರಿನ ಡಬ್ಬ ಕಿತ್ತು ಅದರ ಜಾಗಕ್ಕೆ ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಬೇಕಂತೆ. ಹಿಂದಿನ ಸೈಲೆನ್ಸರ್ ತೆಗೆದು ದಪ್ಪ ನೇರ ಪೈಪು ಹಾಕಬೇಕಂತೆ. ಹತ್ತು ಸಾವಿರದೊಳಗೆ ಮುಗಿಯುತ್ತದಂತೆ. “ಹತ್ತು ಕುದುರೆ ಶಕ್ತಿ ಜಾಸ್ತಿಯಾಗತ್ತೆ ನೋಡು!” ಇಂಜಿನ್ನಿನ ಒಟ್ಟು ಶಕ್ತಿಯೇ ನಲವತ್ತು ಕುದುರೆಗಳ ಆಸುಪಾಸು. ಮೂಗಿಗೊಂದು ಬಾಲಕ್ಕೊಂದು ಒಡವೆ ತೊಡಿಸಿದ ಮಾತ್ರಕ್ಕೆ ಇನ್ನೂ ಹತ್ತು ಕುದುರೆ ಯಾವ ಲಾಯದಿಂದ ಬರುತ್ತವೆ ಎಂದು ನನಗೆ ಅನುಮಾನವಾಯಿತು.

ಅದೇ ದಿನಗಳಲ್ಲಿ ಮನೆಯಲ್ಲಿ ಬೇರೊಂದು ಚಿಂತೆ ಇತ್ತು. ಆರು ವರ್ಷದ ಮೊಮ್ಮಗಳನ್ನು ಬೇಲೂರಿಗೆ ಬಿಟ್ಟುಬರುವಾಗಲೆಲ್ಲ ಹಳೇಬೀಡು ಬರುವಷ್ಟರಲ್ಲಿ ಆ ಕೂಸು ಹಿಂದಿನ ಸೀಟಿನಲ್ಲಿ ಬಾಡಿದ ಸೊಪ್ಪಿನಂತೆ ಮಲಗಿಬಿಡುತ್ತಿತ್ತು. ತಲೆನೋವು, ಹೊಟ್ಟೆ ತೊಳೆಸುವುದು. ಪಿತ್ತ ಎಂದರು ಒಬ್ಬರು, ದೃಷ್ಟಿ ಎಂದರು ಇನ್ನೊಬ್ಬರು. ನಿಂಬೆಹಣ್ಣು ಮೂಸಿಸಿದ್ದಾಯಿತು, ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ನನ್ನ ಮಗಳು ಮಾತ್ರ ಒಂದು ಮಾತು ಹೇಳಿದಳು: “ಅಮ್ಮ, ಬಸ್ಸಲ್ಲಿ ಬಂದ್ರೆ ಇವಳಿಗೆ ಏನೂ ಆಗಲ್ಲ ಕಣೆ.” ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು.

ನಮ್ಮ ಮೆಕ್ಯಾನಿಕ್ ಸಾಬರು ಮಾತು ಕಡಿಮೆ ಆಡುವ ಮನುಷ್ಯ. ಹುಡುಗನ ಯೋಜನೆಯನ್ನೆಲ್ಲ ಕೇಳಿಸಿಕೊಂಡು, “ಮೊದ್ಲು ಇರೋದನ್ನ ನೋಡೋಣ ತಡೀರಿ ಅಮ್ಮಾವ್ರೇ” ಎಂದರು. ಇಂಜಿನ್ ಶುರುಮಾಡಿ, ಹಳೆಯ ಬಟ್ಟೆಯೊಂದನ್ನು ಒದ್ದೆ ಮಾಡಿ ಹಿಂದಿನ ಪೈಪಿನ ಬಾಯಿಗೆ ಕ್ಷಣಕಾಲ ಒತ್ತಿ ಹಿಡಿದರು. ಕಾರಿನ ಹೊಟ್ಟೆಯ ಕೆಳಗಿನಿಂದ ಹಾವು ಬುಸುಗುಟ್ಟಿದಂಥ ಸದ್ದು ಬಂತು. ಬಗ್ಗಿ ನೋಡಿದರೆ, ಹಿಂದಿನ ಸೀಟಿನ ಕೆಳಭಾಗದಲ್ಲಿ ಪೈಪಿನ ಜೋಡಣೆ ತುಕ್ಕು ಹಿಡಿದು, ಯಾವುದೋ ಹಂಪಿಗೆ ಬಡಿದು ಬಿರುಕುಬಿಟ್ಟಿತ್ತು. ಬಿರುಕಿನ ಸುತ್ತ ಕಾಡಿಗೆಯಂತೆ ಮಸಿ.

ನನಗೆ ಕೈಕಾಲು ತಣ್ಣಗಾದವು. ಪೆಟ್ರೋಲು ಉರಿದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ಹೆಚ್ಚಾದರೆ ಜೀವಕ್ಕೇ ಅಪಾಯ. ಸಾಬರು ಇನ್ನೊಂದು ಪ್ರಶ್ನೆ ಕೇಳಿದರು. “ಕಾಯಿ ಚೀಲ ಹಾಕ್ದಾಗ ಹಿಂದಿನ ಬಾಗಿಲು ಮುಚ್ತೀರಾ?” ಮುಚ್ಚುವುದೆಲ್ಲಿ ಬಂತು! ಚೀಲ ಹೊರಗೆ ಚಾಚಿರುತ್ತದೆ, ಬಾಗಿಲನ್ನು ಹಗ್ಗದಲ್ಲಿ ಅರ್ಧ ಎಳೆದು ಕಟ್ಟುತ್ತೇವೆ. ನಮ್ಮ ಕಡೆ ಎಲ್ಲರೂ ಮಾಡುವುದು ಹಾಗೆಯೇ. ಓಡುವ ಕಾರಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಆ ಸುಳಿ ಹೊಗೆಯನ್ನು ತೆರೆದ ಬಾಗಿಲಿನಿಂದ ಒಳಕ್ಕೆ ತಂದು, ಹಿಂದೆ ಕೂತವರ ಮೂಗಿಗೇ ತಲುಪಿಸುತ್ತದೆ.

ಪೈಪು ತುಕ್ಕು ಹಿಡಿದ ಕಾರಣವೂ ಕೇಳಬೇಕಾದ್ದೇ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ದೂರ ಓಡಿದರೆ ಪೈಪು ಕಾದು ಆವಿ ಹೊರಗೆ ಹೋಗುತ್ತದೆ. ಸಂತೆಗೆ, ದೇವಸ್ಥಾನಕ್ಕೆ ಎಂದು ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಆವಿ ಸೈಲೆನ್ಸರಿನೊಳಗೇ ತಣಿದು ನೀರಾಗಿ, ಒಳಗಿಂದಲೇ ಕಬ್ಬಿಣವನ್ನು ತಿನ್ನುತ್ತದೆ. ಇಪ್ಪತ್ತು ವರ್ಷ ಮನೆಯೊಳಗೇ ದುಡಿದವರ ಮಂಡಿ ಸವೆದ ಹಾಗೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಹುಡುಗ ಸುಮ್ಮನಿರಲಿಲ್ಲ. “ಸರಿ, ಬಿರುಕಿನ ಪೈಪು ಹೇಗೂ ತೆಗೀತೀವಲ್ಲ, ಆ ಜಾಗಕ್ಕೆ ನನ್ನ ಪೈಪೇ ಹಾಕಿ” ಎಂದ. ಸಾಬರು ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿ ಬೇಕು. ಮೂಲದ ಡಬ್ಬ ಆ ಗಾಳಿಯನ್ನು ಇಂಜಿನ್ನಿನ ಕಾವಿನಿಂದ ದೂರವಿಟ್ಟು ಒಳಗೆ ಬಿಡುತ್ತದೆ. ತೆರೆದ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಕುಡಿಯುತ್ತದೆ. ಬಿಸಿಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಸದ್ದು ಹೆಚ್ಚುತ್ತದೆ, ಶಕ್ತಿ ಇಳಿದರೂ ಇಳಿಯಬಹುದು. ಅಗ್ಗದ ಫಿಲ್ಟರಾದರೆ ನಮ್ಮ ಬಯಲುಸೀಮೆಯ ದೂಳನ್ನೂ ಒಳಗೆ ಬಿಟ್ಟು ಸಿಲಿಂಡರನ್ನು ಸವೆಸುತ್ತದೆ. ಇನ್ನು ಹೊಗೆಯ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್. ಪ್ಲಾಟಿನಂ, ಪಲ್ಲಾಡಿಯಂನಂಥ ಲೋಹಗಳ ಲೇಪವಿರುವ ಆ ಡಬ್ಬಿ ವಿಷಾನಿಲಗಳನ್ನು ಬಹುಮಟ್ಟಿಗೆ ಮುರಿದು ಬಿಡುತ್ತದೆ. 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಮೊದಲು ಕಡ್ಡಾಯವಾದದ್ದು. ಅಗ್ಗದ ನೇರ ಪೈಪಿನ ಕೆಲಸದಲ್ಲಿ ಎಷ್ಟೋ ಸಲ ಮೊದಲು ಕಿತ್ತು ಬಿಸಾಡುವುದು ಅದನ್ನೇ.

ಕಾನೂನೂ ಇದೆಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿತು. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯವಾಗಬಹುದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ನಮ್ಮಂಥ ಸಣ್ಣ ಊರಿನಲ್ಲಿ ಇವೆಲ್ಲ ಒಂದೇ ಬೀದಿಯಲ್ಲಿರುತ್ತವೆ.

“ಹಾಗಾದ್ರೆ ಹಳೇದಕ್ಕೆ ಹೊಸದು ಏನೂ ಸೇರಿಸಲೇಬಾರದಾ ದೊಡ್ಡಮ್ಮ?” ಎಂದು ಹುಡುಗ ಮುಖ ಸಣ್ಣದು ಮಾಡಿಕೊಂಡ. ಅವನ ಪ್ರಶ್ನೆ ನ್ಯಾಯವಾದದ್ದೇ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಆಗ ತೆರೆದಿದ್ದ ಮಂಟಪಕ್ಕೆ ಕಲ್ಲಿನ ಜಾಲಂಧ್ರಗಳು ಬಂದದ್ದು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಕಂಬದಿಂದ ಕಂಬಕ್ಕೆ ಅಳತೆ ಹಿಡಿದು ಕೂರಿಸಿದ ಆ ಜಾಲಂಧ್ರಗಳಲ್ಲಿ ಗಾಳಿ ಆಡುತ್ತದೆ, ಬೆಳಕು ಸೋಸಿ ಬರುತ್ತದೆ. ಮನೆಯ ಅಳತೆ ತಿಳಿದು ಸೇರಿಸಿದ್ದು ಮನೆಯದೇ ಆಗಿಬಿಡುತ್ತದೆ, ಸೊಸೆಯಂತೆ. ನಾನು ಹುಡುಗನಿಗೆ ಇಷ್ಟೇ ಹೇಳಿದೆ: “ಸೇರಿಸೋಣ ಕಣೋ, ಅಳತೆಗೆ ಸರಿಯಾಗಿರೋದನ್ನ.”

ಹಾಗೆಯೇ ಮಾಡಿದೆವು. ಬಿರುಕಿನ ಪೈಪು ಹೋಗಿ ಮೂಲದ ಅಳತೆಯ ಹೊಸ ಪೈಪು, ಸೈಲೆನ್ಸರ್, ಗ್ಯಾಸ್ಕೆಟ್, ತೂಗುಹಾಕುವ ರಬ್ಬರುಗಳು ಬಂದವು. ಕಾಗದದ ಹೊಸ ಏರ್ ಫಿಲ್ಟರ್, ಒಂದು ಸೀರೆಗೆ ಫಾಲು, ಕುಚ್ಚು ಹಾಕಿಸುವ ದುಡ್ಡಿಗೆ! ಹಳೆಯ ಫಿಲ್ಟರನ್ನು ನೆಲಕ್ಕೆ ಕುಟ್ಟಿದರೆ ಒಂದು ಹಿಡಿ ದೂಳು ಉದುರಿತು. ಸ್ಪಾರ್ಕ್ ಪ್ಲಗ್ ಹೊಸದಾಯಿತು, ಚಕ್ರಗಳಿಗೆ ಸರಿಯಾದ ಗಾಳಿ ಬಿತ್ತು. ಹುಡುಗನೇ ಓಡಿಸಿ ನೋಡಿ, “ಪರವಾಗಿಲ್ಲ, ಎಳೀತಿದೆ” ಎಂದ. ಹೊಗೆ ತಪಾಸಣೆಯಲ್ಲಿಯೂ ಕಾರು ಸಲೀಸಾಗಿ ಪಾಸಾಯಿತು. ತೆಂಗಿನಕಾಯಿ ಚೀಲ ಸಣ್ಣದಾಯಿತು, ಹಿಂದಿನ ಬಾಗಿಲು ಪೂರ್ತಿ ಮುಚ್ಚುತ್ತದೆ.

ಹಳೆಯ ಕಾರಿರುವ ಅಕ್ಕತಂಗಿಯರಲ್ಲಿ ನನ್ನದೊಂದು ಕೋರಿಕೆ. ಹಿಂದೆ ಕೂತ ಮಗುವಿಗೆ ಕಾರಿನಲ್ಲಿ ಮಾತ್ರ ತಲೆನೋವು ಬರುವುದಾದರೆ ನಿಂಬೆಹಣ್ಣು ಕೊಡಿ, ದೃಷ್ಟಿಯನ್ನೂ ತೆಗೆಯಿರಿ. ಆದರೆ ಅದೇ ದಿನ ಕಾರಿನ ಕೆಳಗೂ ಒಮ್ಮೆ ಯಾರಿಂದಲಾದರೂ ಬಗ್ಗಿ ನೋಡಿಸಿ. ಸದ್ದು ಇದ್ದಕ್ಕಿದ್ದಂತೆ ಜೋರಾದರೆ ಅದನ್ನು ಶಕ್ತಿಯೆಂದು ತಿಳಿಯಬೇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡುತ್ತ ಬಿಡಬೇಡಿ.

ಮುಂದಿನ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಜಾವಗಲ್ ದಾಟಿತು, ಅವಳ ಬಾಯಿ ನಿಲ್ಲಲಿಲ್ಲ. ಹಳೇಬೀಡಿನಲ್ಲಿ ಕಾರು ನಿಲ್ಲಿಸಿದ ತಕ್ಷಣ ಇಳಿದು ಓಡಿದವಳು, ಹೊಯ್ಸಳೇಶ್ವರನ ಗೋಡೆಯ ಕೆಳಸಾಲಿನ ಆನೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸತೊಡಗಿದಳು. ಎಣಿಕೆ ನೂರು ದಾಟಿದಾಗ ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡುತ್ತೇನೆಂದು ಹಟ ಹಿಡಿದಳು. ಬೇಲೂರು ತಲುಪುವುದು ತಡವಾದರೆ ಆಗಲಿ ಎಂದು ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.