ಗನ್ನವರಂ ತೋಟದ ಮುಸುವ

ಗನ್ನವರಂ ಅಂದರೆ ನಿಮಗೆಲ್ಲ ನೆನಪಾಗುವುದು ವಿಜಯವಾಡದ ವಿಮಾನ ನಿಲ್ದಾಣ. ರಜೆಗೆ ಬೆಂಗಳೂರಿಗೆ ಹೊರಡುವ ಅವಸರದಲ್ಲಿ ಆ ಊರನ್ನು ನಾವ್ಯಾರೂ ಸರಿಯಾಗಿ ನೋಡಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನಾಲ್ಕು ಮನೆಯವರು ಸೇರಿ, ಅಲ್ಲಿಂದ ನೂಜಿವೀಡು ಕಡೆಗೆ ಹೋಗುವ ದಾರಿಯ ಒಂದು ಮಾವಿನ ತೋಟಕ್ಕೆ ಹೋಗಿದ್ದೆವು.

ಗೇಟಿನ ಬಳಿಯೇ ಒಂದು ಪ್ರಾಣಿ ಕೂತಿತ್ತು. ಬೂದು ಮೈ, ಮಸಿ ಬಳಿದಂಥ ಮುಖ, ಮೈಗಿಂತ ಉದ್ದದ ಬಾಲ, ಸೊಂಟಕ್ಕೆ ಹಗ್ಗ. ಮುಂದೆ ಒಂದು ತಟ್ಟೆ ಅನ್ನ. "ಕೊಂಡಮುಚ್ಚು ಅಮ್ಮಾ, ಕೋತಿ ಓಡಿಸೋಕೆ ತಂದಿದ್ದೇವೆ" ಎಂದು ಕಾವಲಿನವನು ತೆಲುಗಿನಲ್ಲಿ ಹೇಳಿದ.

"ಆಂಟಿ, ಕನ್ನಡದಲ್ಲಿ ಇದಕ್ಕೆ ಏನಂತಾರೆ?" ಎಂದಳು ಜೊತೆಗಿದ್ದ ಕಾಲೇಜು ಹುಡುಗಿ. ನನ್ನ ಬಾಯಿಗೆ ಮೊದಲು ಬಂದದ್ದು 'ಲಂಗೂರ್'. ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ಅಜ್ಜಿಯ ಬಾಯಲ್ಲಿ ಕೇಳಿದ ಮಾತು ನೆನಪಾಯಿತು: ಮುಸುವ! ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. ಅವರ ಮುಚ್ಚು, ನಮ್ಮ ಮುಸುವ, ತಮಿಳರ ಮುಸು ಎಲ್ಲವೂ ಒಂದೇ ಬೇರಿನ ಪದಗಳು.

ಕೋತಿಗೆ ಗಲ್ಲದಲ್ಲಿ ಚೀಲವಿದೆ. ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಓಡುತ್ತದೆ. ಮುಸುವಕ್ಕೆ ಅದಿಲ್ಲ. ಅದರ ಮುಖ್ಯ ಆಹಾರ ಎಲೆ. ಹಲವು ಕೋಣೆಗಳಿರುವ ಹೊಟ್ಟೆಯಲ್ಲಿ ಎಲೆ ಹುದುಗಿ, ನಿಧಾನವಾಗಿ ಜೀರ್ಣವಾಗುತ್ತದೆ. ಅಂಥದ್ದಕ್ಕೆ ದಿನವೂ ತಟ್ಟೆ ಅನ್ನ! ಕೋತಿಗೂ ಇದಕ್ಕೂ ಹುಟ್ಟಿನಿಂದ ಹಗೆಯೇನೂ ಇಲ್ಲ. ಕಿಷ್ಕಿಂಧೆಯೆಂದು ನಾವು ನಂಬುವ ಹಂಪಿಯ ಸುತ್ತಮುತ್ತ ಎರಡೂ ಇವೆ. ಅಲ್ಲಿ ಮುಸುವಗಳು ಗುಂಪಾಗಿ ಬಂಡೆಯಿಂದ ಬಂಡೆಗೆ ಹಾರುವುದನ್ನು ಮದುವೆಯಾದ ಹೊಸತರಲ್ಲಿ ನೋಡಿದ್ದೆ. ಇಲ್ಲಿ ಇದು ಒಂಟಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮುಸುವಗಳನ್ನು ಹಿಡಿದು ಕಟ್ಟಿಹಾಕುವುದು ಅಪರಾಧ. ನನಗೆ ಅದು ಗೊತ್ತಿತ್ತು. ಆದರೆ ಅತಿಥಿಗಳಾಗಿ ಬಂದವರು ಹೇಗೆ ಹೇಳುವುದೆಂದು ಸುಮ್ಮನಿದ್ದೆ. ಹೊರಡುವಾಗ ಆ ಹುಡುಗಿಯೇ ಯಜಮಾನರ ಹತ್ತಿರ ಹೋಗಿ, ಇಲ್ಲೇ ಹುಟ್ಟಿ ಬೆಳೆದವರ ತೆಲುಗಿನಲ್ಲಿ ಮರ್ಯಾದೆಯಿಂದಲೇ ಎಲ್ಲವನ್ನೂ ಹೇಳಿದಳು. ಅವರು ನಗಲಿಲ್ಲ, ಬೈಯಲೂ ಇಲ್ಲ. "ಫಸಲು ಹೋದರೆ ಯಾರು ಕೊಡುತ್ತಾರಮ್ಮಾ?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅರಣ್ಯ ಇಲಾಖೆಯವರನ್ನು ಕೇಳಿ ನೋಡುವುದಾಗಿ ಒಪ್ಪಿದರು.

ಮಕ್ಕಳೇ, ಇಲ್ಲಿನ ಭಾಷೆ ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆ. ನಮ್ಮ ಹತ್ತಿರ ಇರುವುದು ಕೆಲವು ಹಳೆಯ ಪದಗಳು. ಅವನ್ನು ಕೇಳಿ ತೆಗೆದುಕೊಳ್ಳಿ. ನಾವು ಮರೆಯುವ ಮೊದಲೇ ಕೇಳಿ.