ಎಂಟರ ಫ್ಯಾಕ್ಟೋರಿಯಲ್

2003ರ ಮೇ ತಿಂಗಳು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಕಾಲೇಜಿನಲ್ಲಿ ನಾನಾಗ ಬಿಸಿಎ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಲ್ಯಾಬ್ ಎಂದರೆ ಮೊದಲ ಮಹಡಿಯ ಕೊನೆಯ ಕೋಣೆ, ಹನ್ನೆರಡು ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಕೆಲಸ ಮುಗಿದ ಮೇಲೆ ಮಾನಿಟರಿಗೆ ಬಟ್ಟೆ ಹೊದಿಸಿ ಹೋಗಬೇಕು. ಮುಂಗಾರಿಗೆ ಮುಂಚಿನ ಮಳೆ ದಿನಾ ಸಂಜೆ ಗುಡುಗುತ್ತಾ ಬರುತ್ತಿತ್ತು, ಅದು ಬಂದ ಕೂಡಲೇ ಕರೆಂಟು ಹೋಗುತ್ತಿತ್ತು. ಹಾಗಾಗಿ ಪ್ರಾಕ್ಟಿಕಲ್ ಪರೀಕ್ಷೆಯನ್ನು ಬೆಳಿಗ್ಗೆಯೇ ಇಟ್ಟುಕೊಂಡಿದ್ದೆವು.

ನಾನು ಇಂಟರ್ನಲ್ ಎಕ್ಸಾಮಿನರ್. ಎಕ್ಸ್‌ಟರ್ನಲ್ ಆಗಿ ಮೈಸೂರು ಕಡೆಯ ಹಿರಿಯ ಮೇಷ್ಟ್ರೊಬ್ಬರು ಬಂದಿದ್ದರು. ಗಣಿತ ಓದಿ, ಗಣಿತ ಹೇಳಿ, ಆಮೇಲೆ ಕಂಪ್ಯೂಟರಿಗೆ ಬಂದವರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಚೀಟಿ ಎತ್ತಿದರು. ಮೂರನೇ ಸಾಲಿನ ಒಬ್ಬ ಹುಡುಗಿಗೆ ಬಂದ ಪ್ರಶ್ನೆ: ಕೊಟ್ಟ ಸಂಖ್ಯೆಯ ಫ್ಯಾಕ್ಟೋರಿಯಲ್, ಅಂದರೆ ಒಂದರಿಂದ ಆ ಸಂಖ್ಯೆಯ ತನಕದ ಗುಣಲಬ್ಧ, ಕಂಡುಹಿಡಿಯುವ ಸಿ ಪ್ರೋಗ್ರಾಂ. ಹತ್ತು ನಿಮಿಷದಲ್ಲಿ ಟೈಪ್ ಮಾಡಿ ಮುಗಿಸಿದಳು. ಟರ್ಬೊ ಸಿಯ ನೀಲಿ ತೆರೆಯಲ್ಲಿ ಒಂದೂ ಎರರ್ ಇಲ್ಲ. 5 ಕೊಟ್ಟಳು, 120 ಬಂತು. ಯಾವ ಕಾಲೇಜಿನಲ್ಲಾದರೂ ಪರೀಕ್ಷೆ ಅಲ್ಲಿಗೆ ಮುಗಿಯುತ್ತಿತ್ತು. ಈ ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"8 ಕೊಡಮ್ಮ, ನೋಡೋಣ" ಅಂದರು.

ಹುಡುಗಿಯ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ 8 ಒತ್ತಿ ಎಂಟರ್ ಹೊಡೆದಳು. ಕಪ್ಪು ತೆರೆಯ ಮೇಲೆ ಬಂದದ್ದು -25216.

"ಸರಿಯೇನಮ್ಮ ಇದು?"

"ಅಲ್ಲ ಸಾರ್. 40320 ಬರಬೇಕು."

"ಮತ್ತೆ ಹೀಗೆ ಯಾಕೆ ಬಂತು?"

"ಗೊತ್ತಿಲ್ಲ ಸಾರ್. ಎಷ್ಟು ಸಲ ಮಾಡಿದ್ರೂ ಹೀಗೇ ಬರುತ್ತೆ. ರೆಕಾರ್ಡಲ್ಲೂ ಇದನ್ನೇ ಬರೆದಿದ್ದೆ."

ಅವರು ರೆಕಾರ್ಡ್ ತೆಗೆದರು. ಬಲಪುಟದಲ್ಲಿ ಪ್ರೋಗ್ರಾಂ, ಎಡಪುಟದಲ್ಲಿ ಪೆನ್ಸಿಲ್ಲಿನಲ್ಲಿ ಔಟ್‌ಪುಟ್. ಮೂರು ಸಾಲು: 5ಕ್ಕೆ 120, 7ಕ್ಕೆ 5040, 8ಕ್ಕೆ -25216. ಕೊನೆಯ ಸಾಲಿನ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಪಕ್ಕದಲ್ಲಿ 40320 ಎಂದು ತಿದ್ದುಪಡಿ, ಕೆಳಗೆ ಸಹಿ. ಅಕ್ಷರವೂ ನನ್ನದೇ, ಸಹಿಯೂ ನನ್ನದೇ.

ಆ ಕ್ಷಣದ ನಾಚಿಕೆಯನ್ನು ಈಗಲೂ ಮೈಯಲ್ಲಿ ಹೊತ್ತಿದ್ದೇನೆ. ಅರವತ್ತು ರೆಕಾರ್ಡುಗಳನ್ನು ಒಂದೇ ರಾತ್ರಿ ಕೂತು ತಿದ್ದಿದ್ದೆ. ಉಳಿದವರೆಲ್ಲ ಸೀನಿಯರ್ ರೆಕಾರ್ಡ್ ನೋಡಿ 40320 ಎಂದೇ ಬರೆದಿದ್ದರು, ಅವರಿಗೆಲ್ಲ ರೈಟ್ ಹಾಕಿದ್ದೆ. ಯಂತ್ರದ ಮುಂದೆ ಕೂತು, ಅದು ಹೇಳಿದ್ದನ್ನು ಇದ್ದ ಹಾಗೆ ಬರೆದವಳು ಇವಳೊಬ್ಬಳೇ. ಅವಳದನ್ನೇ ಹೊಡೆದುಹಾಕಿದ್ದೆ.

ಮೇಷ್ಟ್ರು ನನ್ನನ್ನು ಏನೂ ಅನ್ನಲಿಲ್ಲ. ಉತ್ತರ ಪತ್ರಿಕೆಯ ಹಿಂಬದಿಯಲ್ಲಿ ಹದಿನಾರು ಚೌಕ ಬರೆದರು. "ಈ ಕಂಪೈಲರು ಒಂದು ಇಂಟಿಜರಿಗೆ ಕೊಡೋದು ಹದಿನಾರೇ ಮನೆ. ಒಂದೊಂದು ಮನೇಲೂ ಸೊನ್ನೆ, ಇಲ್ಲಾ ಒಂದು. ಗಡಿಯಾರದ ಮುಖ ನೆನೆಸಿಕೋ. ಅದರ ಸುತ್ತ 65536 ಗೆರೆ. ಸೊನ್ನೆಯಿಂದ 32767ರ ತನಕ ಧನ ಸಂಖ್ಯೆ. ಅದರ ಮುಂದಿನ ಗೆರೆಗೆ ಮುಳ್ಳು ಹೋದರೆ ಅಲ್ಲಿಂದ ಋಣ ಸಂಖ್ಯೆ ಶುರು. 7ರ ಫ್ಯಾಕ್ಟೋರಿಯಲ್ 5040, ಆರಾಮಾಗಿ ಹಿಡಿಸುತ್ತೆ. 8ಕ್ಕೆ ಬಂದರೆ 40320, ಅರ್ಧ ದಾಟಿ ಹೋಯ್ತು." ಚೌಕಗಳಲ್ಲಿ ಒಂದೊಂದಾಗಿ ತುಂಬಿದರು: 1001110110000000. ಎಡತುದಿಯ ಒಂದರ ಸುತ್ತ ಪೆನ್ನಿನಿಂದ ಸುತ್ತು ಹಾಕಿದರು. "ಇಲ್ಲಿ ಒಂದು ಬಂದರೆ ಯಂತ್ರ ಅದನ್ನ ಋಣ ಅಂತ ಓದುತ್ತೆ. 40320ರಲ್ಲಿ 65536 ಕಳಿ."

ಹುಡುಗಿ ಪೆನ್ಸಿಲ್ ಹಿಡಿದು ಕಳೆದಳು. ಉತ್ತರ -25216. ಮುಖ ಅರಳಿತು. "ಹಂಗಾದ್ರೆ ಅದು ಸುಮ್ಮನೆ ಬಂದಿದ್ದಲ್ಲ ಸಾರ್!"

"ಅದು ಸುಮ್ಮನೆ ಏನೂ ಹೇಳಲ್ಲ" ಅಂದ ಮೇಷ್ಟ್ರು ಆರಿಯಾನ್ 5 ರಾಕೆಟ್ಟಿನ ಕಥೆ ಹೇಳಿದರು. 1996ರ ಜೂನ್ 4ರಂದು ಅದು ಮೊದಲ ಸಲ ಮೇಲೆದ್ದು ಇನ್ನೂ ಒಂದು ನಿಮಿಷ ತುಂಬುವ ಮೊದಲೇ ದಾರಿ ತಪ್ಪಿ ಆಕಾಶದಲ್ಲಿ ಚೂರಾಗಿತ್ತು. 64 ಬಿಟ್ಟಿನ ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್ಟಿನ ಇಂಟಿಜರಿಗೆ ತುರುಕಲು ಹೋಗಿದ್ದೇ ಅದಕ್ಕೆ ಕಾರಣ. ಆ ಸಾಫ್ಟ್‌ವೇರು ಆರಿಯಾನ್ 4ರಲ್ಲಿ ಸರಿಯಾಗಿ ನಡೆದಿತ್ತು. ಹೊಸ ರಾಕೆಟ್ಟಿನ ವೇಗಕ್ಕೆ ಆ ಸಂಖ್ಯೆ ಹಿಡಿಸುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಬರೆಯುತ್ತಿದ್ದ ಮಕ್ಕಳೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ.

ಇದಾಗಿ ಒಂದೂವರೆ ತಿಂಗಳಿಗೆ ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ಮಂಡಳಿಯ ಸಭೆ. ನಮ್ಮ ಬಾಯಲ್ಲಿ ಅದು ಬಿಓಎಸ್. ಬಿಸಿಎ ಸಿಲಬಸ್ ಬದಲಾಗಬೇಕಿತ್ತು. ಸುತ್ತಲಿನ ಕಾಲೇಜುಗಳ ಪರವಾಗಿ ನಾನೂ ಒಬ್ಬ ಸದಸ್ಯ. ಕರಡು ಮೊದಲೇ ಅಂಚೆಯಲ್ಲಿ ಬಂದಿತ್ತು. ಅದರಲ್ಲಿ ಕೋಬಾಲ್ ಹೋಗಿತ್ತು, ವಿಷುಯಲ್ ಬೇಸಿಕ್ 6 ಬಂದಿತ್ತು, ಜಾವಾಗೆ ಪೂರ್ತಿ ಒಂದು ಪೇಪರ್ ಸಿಕ್ಕಿತ್ತು. ಜಾಗ ಹೊಂದಿಸಲು ಮೊದಲ ಸೆಮಿಸ್ಟರಿನಿಂದ ಒಂದು ಯೂನಿಟ್ ತೆಗೆದಿದ್ದರು: ಕಂಪ್ಯೂಟರಿನೊಳಗೆ ಸಂಖ್ಯೆಗಳನ್ನು ಇಡುವ ಬಗೆ, ಬೈನರಿ, ಋಣ ಸಂಖ್ಯೆ ಬರೆಯುವ ಟೂಸ್ ಕಾಂಪ್ಲಿಮೆಂಟ್ ಪದ್ಧತಿ. ಏಪ್ರಿಲ್‌ನಲ್ಲಿ ಅದನ್ನು ಓದಿ "ಒಪ್ಪಿಗೆ ಇದೆ" ಎಂದು ಬರೆದು ಕಳಿಸಿದವನು ನಾನೇ.

ಸಭೆಗೆ ಮುಂಚಿನ ವಾರವೆಲ್ಲ ರಾತ್ರಿ ಕೂತು ಓದಿದೆ. ಈ ದೇಶದಲ್ಲಿ ಕಂಪ್ಯೂಟರ್ ಪಾಠ ಹೇಗೆ ಶುರುವಾಯಿತು ಎಂದು ಹುಡುಕಿದೆ. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಕಂಪ್ಯೂಟರ್ ಬಂದ ನಂತರದ ವರ್ಷಗಳಲ್ಲಿ ಪ್ರೊ. ವಿ. ರಾಜಾರಾಮನ್, ಪ್ರೊ. ಎಚ್.ಎನ್. ಮಹಾಬಲ ಅವರಂಥವರು ಪಾಠವನ್ನು ಬಹುಮಟ್ಟಿಗೆ ತಾವೇ ಕಟ್ಟಬೇಕಾಗಿತ್ತು. ಅಮೆರಿಕದ ಎಸಿಎಂ ಸಂಸ್ಥೆ ಪದವಿ ತರಗತಿಗೆಂದು ಮೊದಲ ಮಾದರಿ ಪಠ್ಯಕ್ರಮ ಹೊರತಂದದ್ದೇ 1968ರಲ್ಲಿ. ಅದೇ ಸಂಸ್ಥೆ ಐಇಇಇ ಜೊತೆ ಸೇರಿ ಪ್ರಕಟಿಸಿದ 2001ರ ವರದಿಯ ಪ್ರತಿಯೂ ಕೈಗೆ ಸಿಕ್ಕಿತು. ಇಂತಿಂಥ ಪ್ರೋಗ್ರಾಮಿಂಗ್ ಭಾಷೆಯನ್ನೇ ಕಲಿಸಿ ಎಂದು ಅದರಲ್ಲಿ ಎಲ್ಲೂ ಕಟ್ಟಳೆ ಇಲ್ಲ. ಆರಂಭಿಸಲು ಆರು ದಾರಿ ತೋರಿಸುತ್ತದೆ, ಯಾವುದನ್ನಾದರೂ ಹಿಡಿಯಿರಿ ಎನ್ನುತ್ತದೆ. ಯಾವ ದಾರಿ ಹಿಡಿದರೂ ಬಿಡಬಾರದ ಬುನಾದಿ ಯಾವುದು ಎನ್ನುವುದರಲ್ಲಿ ಮಾತ್ರ ಅದು ಬಿಗಿ. ಸಂಖ್ಯೆಗಳನ್ನು ಯಂತ್ರದಲ್ಲಿ ಇಡುವ ಬಗೆ ಆ ಬುನಾದಿಯ ಪಟ್ಟಿಯಲ್ಲಿತ್ತು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಉಪ್ಪಿಟ್ಟು ಕಾಫಿ ಮುಗಿದಿತ್ತು. ಉದ್ಯಮದ ಪರವಾಗಿ ಬಂದ ಸದಸ್ಯರು ನೇರವಾಗಿ ಹೇಳಿದರು: "ಮಕ್ಕಳಿಗೆ ಕೆಲಸ ಸಿಗಬೇಕು. ಕಂಪನಿಗಳು ಜಾವಾ ಕೇಳ್ತಿವೆ, ಟೂಸ್ ಕಾಂಪ್ಲಿಮೆಂಟ್ ಕೇಳ್ತಿಲ್ಲ." ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಆಲೂಗಡ್ಡೆ, ಶುಂಠಿ ಬೆಳೆಯುವ ಮನೆಗಳಿಂದ ಬಂದವರು. ಅಪ್ಪ ಸಾಲ ಮಾಡಿ ಫೀಸು ಕಟ್ಟಿರುತ್ತಾನೆ. ಬೆಂಗಳೂರಿನಲ್ಲಿ ಒಂದು ಕೆಲಸ ಆ ಮನೆಗೆ ಎಂಥ ಆಸರೆ ಎನ್ನುವುದು ನನಗೆ ಗೊತ್ತು. ಇನ್ನೊಬ್ಬರು ಗಂಟೆಗಳ ಲೆಕ್ಕ ತೆಗೆದರು. ಸೆಮಿಸ್ಟರಿಗೆ ಒಂದು ಪೇಪರಿಗೆ ಸಿಗುವುದು 52 ಗಂಟೆ, ಈಗಿರುವ ಪೋರ್ಷನ್ ಮುಗಿಸುವುದೇ ಕಷ್ಟ.

ನನ್ನ ಸರದಿ ಬಂದಾಗ ಎದ್ದು ಬೋರ್ಡಿನ ಮೇಲೆ -25216 ಎಂದು ಬರೆದೆ. ಮೇ ತಿಂಗಳಲ್ಲಿ ಲ್ಯಾಬಿನಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಕೆಂಪು ಗೆರೆ ಹೊಡೆದದ್ದು ನಾನೇ ಎಂಬುದನ್ನೂ ಹೇಳಿದೆ.

"ಅದು ಟರ್ಬೊ ಸಿಯ ದೋಷ ಅಲ್ವಾ? ಜಾವಾದಲ್ಲಿ ಇಂಟಿಜರಿಗೆ 32 ಬಿಟ್ ಇದೆ, ಈ ತೊಂದರೆ ಬರಲ್ಲ" ಎಂದರು ಒಬ್ಬರು.

ಈ ಮಾತು ಬರಬಹುದೆಂದು ಹಿಂದಿನ ದಿನವೇ ಜಾವಾದಲ್ಲಿ ಅದೇ ಪ್ರೋಗ್ರಾಂ ಓಡಿಸಿ ನೋಡಿಕೊಂಡು ಬಂದಿದ್ದೆ. "8ಕ್ಕೆ ಸರಿ ಬರುತ್ತೆ ಸಾರ್. 12ಕ್ಕೂ ಸರಿ. 13 ಕೊಟ್ಟರೆ 1932053504 ಬರುತ್ತೆ." ಬೋರ್ಡಿನ ಮೇಲೆ ಅದನ್ನೂ ಬರೆದೆ. ಕೆಳಗೆ ನಿಜವಾದ ಉತ್ತರ, 6227020800. "ನಮ್ಮ ಹುಡುಗಿಗೆ ಮೈನಸ್ ಚಿಹ್ನೆ ಕಂಡಿತು, ಹಾಗಾಗಿ ಏನೋ ಎಡವಟ್ಟು ಅಂತ ಗೊತ್ತಾಯ್ತು. ಈ ಸಂಖ್ಯೆಗೆ ಮೈನಸ್ಸೂ ಇಲ್ಲ. ನೋಡೋಕೆ ಸರಿಯಾದ ಉತ್ತರದ ಹಾಗೇ ಇದೆ. ನಾಳೆ ಯಾರದೋ ಬ್ಯಾಂಕ್ ಖಾತೆಯಲ್ಲಿ, ಯಾರದೋ ಔಷಧಿಯ ಪ್ರಮಾಣದಲ್ಲಿ ಇಂಥ ಸಂಖ್ಯೆ ಬಂದರೆ ಅನುಮಾನ ಪಡೋಕೆ ನಮ್ಮ ಮಕ್ಕಳಿಗೆ ಏನು ಕಲಿಸಿದ್ದೀವಿ? ಜಾವಾ ಬರಲಿ, ನಾನು ಬೇಡ ಅನ್ನಲ್ಲ. ಜಾವಾ ಹೋಗಿ ನಾಳೆ ಇನ್ನೊಂದು ಬರುತ್ತೆ. ಈ ಯೂನಿಟ್ಟನ್ನ ಮಾತ್ರ ತೆಗೀಬೇಡಿ."

ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಉದ್ಯಮದ ಸದಸ್ಯರು ಪೆನ್ನು ತೆಗೆದು 1932053504 ಅನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಯೂನಿಟ್ ಉಳಿಯಿತು, ಎಂಟು ಗಂಟೆ ಇದ್ದದ್ದು ಆರು ಗಂಟೆಯಾಗಿ. ನಾನು ಇನ್ನೊಂದು ಬೇಡಿಕೆ ಇಟ್ಟಿದ್ದೆ. ಲ್ಯಾಬ್ ಪಟ್ಟಿಯ ಪ್ರತಿ ಪ್ರಶ್ನೆಗೂ ಒಂದು ಸಾಲು ಸೇರಿಸಿ: "ಈ ಪ್ರೋಗ್ರಾಂ ಯಾವಾಗ ತಪ್ಪು ಉತ್ತರ ಕೊಡುತ್ತದೆ? ಕಾರಣ ಹೇಳಿ." ಅದಕ್ಕೆ ಹೇಗೆ ಅಂಕ ಕೊಡುವುದು, ಮೂರು ಗಂಟೆಯಲ್ಲಿ ಒಂದು ಬ್ಯಾಚನ್ನು ಹೇಗೆ ಮುಗಿಸುವುದು ಎಂಬ ತಕರಾರು ಎದ್ದಿತು. ನ್ಯಾಯವಾದ ತಕರಾರೇ. ಹದಿನಾಲ್ಕು ಪ್ರಯೋಗಗಳಲ್ಲಿ ಒಂದೇ ಒಂದಕ್ಕೆ, ಫ್ಯಾಕ್ಟೋರಿಯಲ್ಲಿಗೆ, ಆ ಸಾಲು ಸೇರಿತು. ಸಂಜೆಯ ಬಸ್ಸಿನಲ್ಲಿ ಊರಿಗೆ ಮರಳುವಾಗ ಸಿಕ್ಕಿದ್ದು ಕಡಿಮೆಯೋ ಹೆಚ್ಚೋ ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ.

ಆಮೇಲೆ ಎಷ್ಟೋ ಸಿಲಬಸ್ಸುಗಳು ಬಂದು ಹೋದವು. ನಾವು ಅಷ್ಟು ಉತ್ಸಾಹದಿಂದ ತಂದ ವಿಷುಯಲ್ ಬೇಸಿಕ್ 6 ಕೆಲವೇ ವರ್ಷದಲ್ಲಿ ಹಳತಾಯಿತು. 2021ರಲ್ಲಿ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಪ್ರತಿ ಸಲವೂ ಹೊಸ ಹೆಸರುಗಳ ಪಟ್ಟಿ, ಅದೇ ಗಂಟೆಗಳ ಜಗ್ಗಾಟ. ನಾನು ಕೂತ ಸಭೆಗಳಲ್ಲೆಲ್ಲ ಕೇಳಿದ ಪ್ರಶ್ನೆ ಒಂದೇ: ಹೊಸದು ಬರಲಿ, ಆದರೆ ಅದಕ್ಕೆ ಜಾಗ ಮಾಡಿಕೊಡಲು ಏನನ್ನು ತೆಗೆಯುತ್ತಿದ್ದೇವೆ?

2012ರಲ್ಲಿ ನಡೆದ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಅಷ್ಟು ಹೊತ್ತಿಗೆ ಲ್ಯಾಬಿಗೆ ಲಿನಕ್ಸ್ ಬಂದಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡಲು ಕೆಲವು ಮಕ್ಕಳು ಕಲಿತಿದ್ದರು. ಅವತ್ತಿನ ಪ್ರಯೋಗ ಪದದ ಉದ್ದ ಅಳೆಯುವ ಪ್ರೋಗ್ರಾಂ. ಎಲ್ಲರೂ ಇಂಗ್ಲಿಷ್ ಪದ ಕೊಡುತ್ತಿದ್ದರು. ಸಕಲೇಶಪುರ ಕಡೆಯ ಒಬ್ಬ ಹುಡುಗ "ಕನ್ನಡ" ಎಂದು ಕೊಟ್ಟಿದ್ದ.

"ಸಾರ್, ಕನ್ನಡ ಅನ್ನೋದು ಮೂರೇ ಅಕ್ಷರ. ಇದು ಹದಿನೈದು ಅಂತಿದೆ."

ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಕಾಗದದ ಮೇಲೆ ಬಿಡಿಸಿ ಬರೆದೆ: ಕ, ನ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ, ಮತ್ತೆ ನ, ಡ. ನಮ್ಮ ಕಿವಿಗೆ ಮೂರು, ಯೂನಿಕೋಡಿಗೆ ಐದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟ್. ಐದು ಮೂರಲೆ ಹದಿನೈದು. ಪ್ರೋಗ್ರಾಂ ಎಣಿಸಿದ್ದು ಬೈಟುಗಳನ್ನು.

ಹುಡುಗ ಕಾಗದವನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ, "ಹಂಗಾದ್ರೆ ರೆಕಾರ್ಡಲ್ಲಿ ಏನು ಬರೀಲಿ ಸಾರ್? ಮೂರಾ, ಹದಿನೈದಾ?"

"ಏನು ಬಂತೋ ಅದನ್ನೇ ಬರಿ. ಯಾಕೆ ಬಂತು ಅಂತ ಕೆಳಗೆ ಬರಿ."

ಮರುವಾರ ರೆಕಾರ್ಡ್ ಬಂತು. ಎಡಪುಟದಲ್ಲಿ ಪೆನ್ಸಿಲ್ಲಿನಿಂದ 15, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ನಾಲ್ಕು ಸಾಲು ಕಾರಣ. ಸಹಿ ಹಾಕುವ ಮೊದಲು ಎರಡು ಸಲ ಓದಿದೆ.